ಒಬ್ಬರೇ ಕಟ್ಟಿದ ತಂತ್ರಾಂಶವನ್ನು ವರ್ತಕರು ಎಷ್ಟು ನೆಚ್ಚಬಹುದು?

ದೇಶದ ಅಸಂಖ್ಯ ಅಂಗಡಿ ಮತ್ತು ಕಾರ್ಖಾನೆಗಳ ಲೆಕ್ಕಪತ್ರವನ್ನು ಹೊತ್ತಿರುವ ಟ್ಯಾಲಿ ತಂತ್ರಾಂಶದ ಮೂಲವು ಒಂದು ಕುಟುಂಬದ ಅಗತ್ಯದಲ್ಲಿದೆ. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೂ ಜವಳಿ ಗಿರಣಿಗಳಿಗೂ ಕಚ್ಚಾವಸ್ತು ಹಾಗೂ ಯಂತ್ರಗಳ ಬಿಡಿಭಾಗಗಳನ್ನು ಪೂರೈಸುವ ವ್ಯಾಪಾರ ನಡೆಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಪೇಟೆಯಲ್ಲಿ ದೊರೆಯದಿದ್ದಾಗ, ಗಣಿತದ ಪದವೀಧರರಾಗಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಸಿದ್ಧಪಡಿಸಲು ಹೇಳಿದರು. ಆ ಪ್ರಯತ್ನದಿಂದ 1986ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಸ್ಥೆಯೇ ಹುಟ್ಟಿತು. 2020ರಲ್ಲಿ ಭರತ್ ಗೋಯೆಂಕಾ ಅವರು ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು.

ಅಂದು ಬೆಂಗಳೂರಿನಂಥ ನಗರದಲ್ಲಿ ಮಾತ್ರ ಸಾಧ್ಯವಾಗುತ್ತಿದ್ದ ಇಂಥ ಕೆಲಸವನ್ನು ಇಂದು ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯ ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ಕುಳಿತು ಮಾಡಬಹುದಾಗಿದೆ. ಬೇಕಾದುದು ಒಂದು ಗಣಕಯಂತ್ರ, ಅಂತರ್ಜಾಲ ಸಂಪರ್ಕ ಮತ್ತು ಸಂಜೆಯ ಬಿಡುವು ಮಾತ್ರ. 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಮೊದಲುಗೊಂಡು ಜಿಲ್ಲೆಯ ತಾಂತ್ರಿಕ ಸಂಸ್ಥೆಗಳು ಪ್ರತಿ ವರ್ಷ ಪದವೀಧರರನ್ನು ಹೊರತರುತ್ತಿವೆ. 2020ರ ಕೊರೊನಾ ಕಾಲದಲ್ಲಿ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡಿದ ತಂತ್ರಜ್ಞರು, ಊರಿನಲ್ಲಿದ್ದುಕೊಂಡೇ ದುಡಿಯಬಹುದೆಂಬುದನ್ನು ತೋರಿಸಿಕೊಟ್ಟರು. ಇಂಥವರು ಉದ್ಯೋಗದ ಹೊರಗೆ, ಸ್ವಂತ ಆಸಕ್ತಿಯಿಂದ ಸಿದ್ಧಪಡಿಸುವ ಜಾಲ ತಂತ್ರಾಂಶಗಳು, ಅಂದರೆ ವೆಬ್ ಅಪ್ಲಿಕೇಶನ್‌ಗಳು, ಇಂದು ವರ್ತಕರ ಗಲ್ಲದವರೆಗೂ ಬಂದಿವೆ. ಪರಿಚಯದ ಹುಡುಗ, ಬೆಲೆ ಕಡಿಮೆ, ಬೇಕಾದಂತೆ ಬದಲಿಸಿಕೊಡುತ್ತಾನೆ ಎಂಬ ಕಾರಣಕ್ಕೆ ವ್ಯಾಪಾರದ ಲೆಕ್ಕವನ್ನೇ ಅದರ ಕೈಗೊಪ್ಪಿಸುವ ಮುನ್ನ, ಅದು ಏನು, ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲಬಹುದು ಎಂಬುದನ್ನು ತಿಳಿದಿರುವುದು ಅವಶ್ಯ.

ಜಾಲ ತಂತ್ರಾಂಶ ಎಂದರೇನು?

ಹಿಂದಿನ ತಂತ್ರಾಂಶಗಳನ್ನು ಅಂಗಡಿಯ ಗಣಕಯಂತ್ರದಲ್ಲಿಯೇ ಅಳವಡಿಸಬೇಕಿತ್ತು. ಕಡತವೂ ಅದರಲ್ಲಿಯೇ ಉಳಿಯುತ್ತಿತ್ತು. ಜಾಲ ತಂತ್ರಾಂಶದಲ್ಲಿ ಹಾಗಲ್ಲ. ಅದಕ್ಕೆ ಮೂರು ಅಂಗಗಳಿವೆ. ಮೊದಲನೆಯದು ಬಳಕೆದಾರನ ಕಣ್ಣಿಗೆ ಕಾಣುವ ಪುಟ. ಇದು ಮೊಬೈಲ್ ಅಥವಾ ಗಣಕಯಂತ್ರದ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಎರಡನೆಯದು ದೂರದಲ್ಲೆಲ್ಲೋ ಇರುವ ಸರ್ವರ್. ಲೆಕ್ಕ ಹಾಕುವ, ಪರಿಶೀಲಿಸುವ, ಅನುಮತಿ ನೀಡುವ ಕೆಲಸ ಅದರದು. ಮೂರನೆಯದು ದತ್ತಸಂಚಯ, ಅಂದರೆ ಡೇಟಾಬೇಸ್. ಎಲ್ಲ ನಮೂದುಗಳೂ ಸಾಲುಸಾಲಾಗಿ ಅಲ್ಲಿ ಸಂಗ್ರಹವಾಗಿರುತ್ತವೆ.

ಉದಾಹರಣೆಗಾಗಿ ಒಂದು ಅಡಿಕೆ ಮಂಡಿಯನ್ನು ಕಲ್ಪಿಸಿಕೊಳ್ಳಬಹುದು. ರೈತ ತಂದ ಮೂಟೆಗಳ ಸಂಖ್ಯೆ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆ, ತೂಕ ಮತ್ತು ದರವನ್ನು ಗುಮಾಸ್ತ ಪುಟದಲ್ಲಿ ತುಂಬುತ್ತಾನೆ. ಸರ್ವರ್ ಅದರಿಂದ ಹಮಾಲಿಯನ್ನೂ ಹಿಂದೆ ಕೊಟ್ಟ ಮುಂಗಡವನ್ನೂ ಕಳೆದು ಪಟ್ಟಿ ಸಿದ್ಧಪಡಿಸುತ್ತದೆ. ನಮೂದು ದತ್ತಸಂಚಯಕ್ಕೆ ಸೇರುತ್ತದೆ. ಮಾಲೀಕರು ತೀರ್ಥಹಳ್ಳಿಯಲ್ಲಿದ್ದರೂ ಸಾಗರದಲ್ಲಿದ್ದರೂ ತಮ್ಮ ಮೊಬೈಲಿನಲ್ಲಿ ಅದೇ ಕ್ಷಣ ಆ ಪಟ್ಟಿಯನ್ನು ನೋಡಬಹುದು. ಇದೇ ರೀತಿ ಫೌಂಡ್ರಿಯೊಂದರಲ್ಲಿ ಪ್ರತಿ ಹೀಟ್‌ಗೆ ಒಂದು ಸಂಖ್ಯೆ ನೀಡಿ, ಅದಕ್ಕೆ ಬಳಸಿದ ಗುಜರಿಯ ಲಾಟು, ರಾಸಾಯನಿಕ ಪರೀಕ್ಷೆಯ ಫಲಿತಾಂಶ ಹಾಗೂ ಆ ಹೀಟ್‌ನಿಂದ ಬಂದ ಎರಕಗಳನ್ನು ಒಂದಕ್ಕೊಂದು ಜೋಡಿಸಿಡಬಹುದು. ಆರು ತಿಂಗಳ ನಂತರ ಗ್ರಾಹಕ ಒಂದು ಎರಕದಲ್ಲಿ ದೋಷವಿದೆ ಎಂದು ಹಿಂದಿರುಗಿಸಿದರೆ, ಅದರ ಜೊತೆಗೆ ಹುಟ್ಟಿದ ಇತರ ಎರಕಗಳು ಯಾರಿಗೆ ಹೋಗಿವೆ ಎಂಬುದನ್ನು ಕೂಡಲೇ ಪತ್ತೆ ಮಾಡಬಹುದು.

ಇಂಥ ಸಣ್ಣ ವ್ಯವಸ್ಥೆಗೆ ತಗಲುವ ನೇರ ವೆಚ್ಚ ಹೆಚ್ಚಿನದಲ್ಲ. ಜಾಲತಾಣದ ಹೆಸರಿಗೆ ವಾರ್ಷಿಕ ಶುಲ್ಕ ಮತ್ತು ಸರ್ವರ್‌ಗೆ ಮಾಸಿಕ ಬಾಡಿಗೆ ಮುಖ್ಯ ಖರ್ಚುಗಳು. ಮಾಹಿತಿ ದಾರಿಯಲ್ಲಿ ಕಳವಾಗದಂತೆ ಕಾಯುವ ಭದ್ರತಾ ಪ್ರಮಾಣಪತ್ರ 2016ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ ಉಚಿತವಾಗಿ ದೊರೆಯುತ್ತಿದೆ. ಲಿನಕ್ಸ್, ಪೋಸ್ಟ್‌ಗ್ರೆಸ್, ಪಿಎಚ್‌ಪಿ, ಪೈಥಾನ್ ಮುಂತಾದ ಸಾಧನಗಳಿಗೂ ಪರವಾನಗಿ ಶುಲ್ಕವಿಲ್ಲ. ಉಳಿದುದು ನಿರ್ಮಾಪಕನ ಶ್ರಮ. ನಿಜವಾದ ಬೆಲೆ ಇರುವುದೂ ಅದರಲ್ಲಿಯೇ.

ಏಕವ್ಯಕ್ತಿ ಪ್ರಯತ್ನಗಳು ಕಡೆಗಣಿಸತಕ್ಕವಲ್ಲ

ಒಬ್ಬನೇ ಮಾಡಿದ ಕೆಲಸ ಎಂದಾಕ್ಷಣ ಅದು ಹಗುರವಾದುದು ಎಂದು ಭಾವಿಸುವಂತಿಲ್ಲ. ಪಿಎಚ್‌ಪಿ ಎಂಬ ಹೆಸರೇ ಮೊದಲಿಗೆ 'ಪರ್ಸನಲ್ ಹೋಮ್ ಪೇಜ್' ಎಂಬುದರ ಸಂಕ್ಷಿಪ್ತ ರೂಪವಾಗಿತ್ತು. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ಪುಟದ ಉಪಯೋಗಕ್ಕಾಗಿ ಬರೆದ ಸಾಧನವದು. ಕನ್ನಡದ ಮಟ್ಟಿಗೆ 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವನ್ನು ನೆನೆಯಬೇಕು. ಅನೇಕ ಕಚೇರಿ ಮತ್ತು ಮುದ್ರಣಾಲಯಗಳು ಗಣಕಯಂತ್ರದಲ್ಲಿ ಕನ್ನಡ ಬೆರಳಚ್ಚು ಮಾಡಲು ಆರಂಭಿಸಿದ್ದು ಅದರಿಂದ. ನುಡಿ, ಬರಹಗಳ ಹಳೆಯ ಸಂಕೇತಕ್ರಮದಲ್ಲಿದ್ದ ಕಡತಗಳನ್ನು ಇಂದಿನ ಯುನಿಕೋಡ್‌ಗೆ ಪರಿವರ್ತಿಸುವ ಸಾಧನವೊಂದನ್ನು ತಂತ್ರಜ್ಞ ಅರವಿಂದ ವಿ.ಕೆ. ಅವರು ರೂಪಿಸಿ, ಅದರ ಮೂಲಸಂಕೇತವನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ. ಹಳೆಯ ದರಪಟ್ಟಿ, ಕರಾರುಪತ್ರಗಳನ್ನು ಮತ್ತೆ ಬೆರಳಚ್ಚು ಮಾಡುವ ಶ್ರಮ ಇಂಥ ಸಾಧನಗಳಿಂದ ಉಳಿಯುತ್ತದೆ.

ತಂತ್ರಜ್ಞ ಓಂಶಿವಪ್ರಕಾಶ್ ಅವರು ಸಾಹಿತಿಗಳಾದ ಓ.ಎಲ್. ನಾಗಭೂಷಣಸ್ವಾಮಿ ಮತ್ತು ವಸುಧೇಂದ್ರ ಅವರೊಡನೆ ಸೇರಿ ರೂಪಿಸಿದ 'ವಚನ ಸಂಚಯ'ವೂ ಸ್ವಂತ ಆಸಕ್ತಿಯಿಂದ ಹುಟ್ಟಿದ್ದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದ ಎಲ್ಲೆಲ್ಲಿ ಬಂದಿದೆ ಎಂಬುದನ್ನು ಅದರಲ್ಲಿ ಹುಡುಕಬಹುದು. ದಾಸ್ತಾನಿನ ಸಾವಿರಾರು ವಸ್ತುಗಳಲ್ಲಿ ಒಂದನ್ನು ಹುಡುಕುವ ತಂತ್ರಕ್ಕೂ ಇದಕ್ಕೂ ಮೂಲದಲ್ಲಿ ಭೇದವಿಲ್ಲ.

ಈ ಸಾಲಿನಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ನಿದರ್ಶನ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟಿನದು. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಏಕಾಂಗಿಯಾಗಿ ಸಂಗ್ರಹಿಸಿದ ನಿಘಂಟು ಇದು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳು, ಎರಡು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕಿದ ಅರ್ಥಗಳು ಇದರಲ್ಲಿವೆ. ಬೆಂಗಳೂರಿನ ಜೆರೋಧಾ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರಾದ ಕೈಲಾಶ್ ನಾಥ್ ಅವರು 2019ರಲ್ಲಿ ಇದನ್ನು ಜಾಲತಾಣವಾಗಿ ಪ್ರಕಟಿಸಿದರು. ಇದಕ್ಕೂ ಮೊದಲೇ ಅವರು ಮಲಯಾಳಂ ಭಾಷೆಗಾಗಿ 'ಓಲಂ' ಎಂಬ ನಿಘಂಟನ್ನು ತಮ್ಮ ಸ್ವಂತ ಯೋಜನೆಯಾಗಿ ನಡೆಸುತ್ತಿದ್ದರು. ನಿಘಂಟನ್ನು ಜಾಲಕ್ಕೆ ಏರಿಸುವ ತಂತ್ರಾಂಶವನ್ನೂ, ಗ್ರಾಹಕರಿಗೆ ಸಾಮೂಹಿಕ ಇ-ಪತ್ರ ಕಳುಹಿಸುವ 'ಲಿಸ್ಟ್‌ಮಾಂಕ್' ಎಂಬ ಇನ್ನೊಂದು ತಂತ್ರಾಂಶವನ್ನೂ ಅವರು ಮುಕ್ತವಾಗಿ ಬಿಡುಗಡೆ ಮಾಡಿದ್ದಾರೆ.

ಅಲರ್‌ನಿಂದ ಕಲಿಯಬೇಕಾದ ಪಾಠವಿರುವುದು ಅದರ ಗಾತ್ರದಲ್ಲಲ್ಲ, ಬಿಡುಗಡೆಯ ಕ್ರಮದಲ್ಲಿ. ನಿಘಂಟಿನ ಸಂಪೂರ್ಣ ದತ್ತಾಂಶವನ್ನು ಮುಕ್ತ ಪರವಾನಗಿಯಡಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ನೀಡಲಾಗಿದೆ. ಅದನ್ನು ನಡೆಸುವ ತಂತ್ರಾಂಶವೂ ಮುಕ್ತವಾಗಿದೆ. ನಾಳೆ ಆ ಜಾಲತಾಣ ಮುಚ್ಚಿದರೂ ನಲವತ್ತು ವರ್ಷಗಳ ಶ್ರಮ ಅಳಿಯುವುದಿಲ್ಲ. ಇನ್ನೊಬ್ಬರು ಬೇರೆಡೆ ಅದನ್ನು ಮತ್ತೆ ನಿಲ್ಲಿಸಬಹುದು. ಕಟ್ಟಿದವರು ಬೆರಳೆಣಿಕೆಯ ಜನರೇ ಆದರೂ ಅದರ ಉಳಿವು ಆ ಬೆರಳೆಣಿಕೆಯ ಜನರಿಗೆ ಅಂಟಿಕೊಂಡಿಲ್ಲ. ಸ್ವಂತ ಆಸಕ್ತಿಯ ತಂತ್ರಾಂಶವನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆಗೋಲು ಇಲ್ಲ.

ಸಣ್ಣ ಉದ್ದಿಮೆದಾರರಿಗೆ ಹತ್ತಿರವಾದ ಇನ್ನೊಂದು ನಿದರ್ಶನ ಇಆರ್‌ಪಿನೆಕ್ಸ್ಟ್. ಮುಂಬಯಿಯ ರುಷಭ್ ಮೆಹ್ತಾ ಅವರು ತಮ್ಮ ಕುಟುಂಬದ ಪೀಠೋಪಕರಣ ಉದ್ಯಮಕ್ಕೆ ಸೂಕ್ತವಾದ ನಿರ್ವಹಣಾ ತಂತ್ರಾಂಶ ಸಿಗದೆ ಸ್ವತಃ ಬರೆಯತೊಡಗಿದರು. ಇಂದು ಅದು ಮುಕ್ತ ಪರವಾನಗಿಯಡಿ ಖರೀದಿ, ದಾಸ್ತಾನು, ಉತ್ಪಾದನೆ, ಲೆಕ್ಕಪತ್ರ ಎಲ್ಲವನ್ನೂ ಒಳಗೊಂಡ ಜಾಲ ತಂತ್ರಾಂಶವಾಗಿ ಬೆಳೆದಿದೆ. ಟ್ಯಾಲಿ ಸಂಸ್ಥೆಯಾಗಿ ಬೆಳೆದು ಉಳಿಯಿತು. ಇಆರ್‌ಪಿನೆಕ್ಸ್ಟ್ ಸಂಸ್ಥೆಯೊಂದಿಗೆ ಮುಕ್ತ ಪರವಾನಗಿಯನ್ನೂ ಹೊಂದಿ ಉಳಿಯಿತು. ಈ ಎರಡರಲ್ಲಿ ಒಂದು ದಾರಿಯನ್ನೂ ಹಿಡಿಯದ ತಂತ್ರಾಂಶದ ಆಯುಸ್ಸು ಅದನ್ನು ಬರೆದವನ ಬಿಡುವಿನಷ್ಟೇ.

ಅಪಾಯ ಎಲ್ಲಿದೆ?

ಏಕವ್ಯಕ್ತಿ ತಂತ್ರಾಂಶ ಸಾಮಾನ್ಯವಾಗಿ ಯಂತ್ರ ಕೆಟ್ಟದ್ದರಿಂದ ನಿಲ್ಲುವುದಿಲ್ಲ. ಮನುಷ್ಯನ ಜೀವನ ಬದಲಾದುದರಿಂದ ನಿಲ್ಲುತ್ತದೆ. ವಿದ್ಯಾನಗರದ ಯುವಕನಿಗೆ ಹೈದರಾಬಾದಿನಲ್ಲಿಯೋ ಹೊರದೇಶದಲ್ಲಿಯೋ ಉದ್ಯೋಗ ದೊರೆಯಬಹುದು, ಮದುವೆಯಾಗಬಹುದು, ಆರೋಗ್ಯ ಕೆಡಬಹುದು, ಅಥವಾ ಆಸಕ್ತಿಯೇ ಕುಂದಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಸುಗ್ಗಿಯ ನಡುವೆ, ದಿನಕ್ಕೆ ಹತ್ತಾರು ಪಟ್ಟಿ ಮಾಡಬೇಕಾದ ಹೊತ್ತಿನಲ್ಲಿ ಪುಟ ತೆರೆಯದೆ ಹೋದರೆ ಮಂಡಿಯ ಮುಂದೆ ಹಣಕ್ಕಾಗಿ ಕಾದು ನಿಂತ ರೈತನಿಗೆ ಈ ಯಾವ ಕಾರಣವೂ ಉತ್ತರವಾಗುವುದಿಲ್ಲ.

ಪುಟ ತೆರೆಯದಿರಲು ದೊಡ್ಡ ಕಾರಣವೇ ಬೇಕೆಂದಿಲ್ಲ. ಜಾಲತಾಣದ ಹೆಸರನ್ನು ನಿರ್ಮಾಪಕ ತನ್ನ ಹೆಸರಿನಲ್ಲಿ ನೋಂದಾಯಿಸಿ, ವಾರ್ಷಿಕ ಶುಲ್ಕದ ಜ್ಞಾಪನೆ ಅವನು ನೋಡದ ಇ-ಅಂಚೆಗೆ ಬಂದಿದ್ದರೆ ಸಾಕು. ನವೀಕರಣದ ಗಡುವು ಮೀರಿದ ಹೆಸರನ್ನು ಕೆಲ ಕಾಲದ ನಂತರ ಯಾರು ಬೇಕಾದರೂ ಕೊಳ್ಳಬಹುದು. ಸರ್ವರ್ ಬಾಡಿಗೆ ಕಟ್ಟುವ ಕಾರ್ಡಿನ ಅವಧಿ ಮುಗಿದರೂ, ಭದ್ರತಾ ಪ್ರಮಾಣಪತ್ರ ನವೀಕರಣವಾಗದಿದ್ದರೂ ಪರಿಣಾಮ ಒಂದೇ.

ಇನ್ನೊಂದು ಅಪಾಯ ತಳಹದಿಯಲ್ಲಿದೆ. ಯಾವ ತಂತ್ರಾಂಶವನ್ನೂ ಇಂದು ಮೊದಲಕ್ಷರದಿಂದ ಯಾರೂ ಬರೆಯುವುದಿಲ್ಲ. ಇತರರು ಬರೆದ ಸಿದ್ಧ ತುಣುಕುಗಳನ್ನು ಜೋಡಿಸಿ ಕಟ್ಟುತ್ತಾರೆ. 2016ರ ಮಾರ್ಚ್‌ನಲ್ಲಿ 'ಲೆಫ್ಟ್-ಪ್ಯಾಡ್' ಎಂಬ 11 ಸಾಲುಗಳ ತುಣುಕನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ಅವಲಂಬಿಸಿದ್ದ ಅಸಂಖ್ಯ ಯೋಜನೆಗಳ ನಿರ್ಮಾಣ ಕಾರ್ಯವು ಜಗತ್ತಿನಾದ್ಯಂತ ಏಕಕಾಲಕ್ಕೆ ಕೆಟ್ಟುನಿಂತಿತು. ಭಂಡಾರದ ನಿರ್ವಾಹಕರು ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಸ್ಥಾಪಿಸಬೇಕಾಯಿತು. ಸಿದ್ಧ ತುಣುಕುಗಳಲ್ಲಿ ಭದ್ರತಾ ದೋಷಗಳೂ ಆಗಾಗ ಪತ್ತೆಯಾಗುತ್ತವೆ. ಅವನ್ನು ಕಾಲಕಾಲಕ್ಕೆ ನವೀಕರಿಸುವವರಿಲ್ಲದ ತಂತ್ರಾಂಶ, ಬೀಗ ಹಳತಾದರೂ ಬದಲಿಸದ ಗೋದಾಮಿನಂತೆ.

ಲೆಕ್ಕದ ತಪ್ಪುಗಳನ್ನೂ ಮರೆಯುವಂತಿಲ್ಲ. ಆರು ಮೂಟೆಗಳ ಒಟ್ಟು ತೂಕ 402 ಕಿಲೋ, ಚೀಲದ ತೂಕ ತಲಾ 1 ಕಿಲೋ ಎಂದಿಟ್ಟುಕೊಂಡರೆ ನಿವ್ವಳ ತೂಕ 396 ಕಿಲೋ, ಅಂದರೆ 3.96 ಕ್ವಿಂಟಲ್. ಲೆಕ್ಕದ ಸುಲಭಕ್ಕಾಗಿ ಕ್ವಿಂಟಲ್‌ಗೆ 50,000 ರೂಪಾಯಿ ದರ ಹಿಡಿದರೆ ಮೊತ್ತ 1,98,000 ರೂಪಾಯಿ. ನಿರ್ಮಾಪಕ ಕ್ವಿಂಟಲ್ ಅಂಕಣದಲ್ಲಿ ದಶಮಾಂಶಕ್ಕೆ ಸ್ಥಳ ಇಡದೆ ಹೋಗಿದ್ದರೆ ತಂತ್ರಾಂಶ ಅದನ್ನು 4 ಕ್ವಿಂಟಲ್ ಎಂದು ಪೂರ್ಣಾಂಕಗೊಳಿಸಿ 2,00,000 ಎಂದೀತು, ಅಥವಾ ದಶಮಾಂಶವನ್ನು ಕತ್ತರಿಸಿ 3 ಕ್ವಿಂಟಲ್‌ಗೆ 1,50,000 ಎಂದೀತು. ಎರಡನೆಯದು ಕೂಡಲೇ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಬೀಳುವುದಿಲ್ಲ, ಪಟ್ಟಿಯಿಂದ ಪಟ್ಟಿಗೆ ಸದ್ದಿಲ್ಲದೆ ಸಾಗುತ್ತದೆ. ಆದ್ದರಿಂದ ಹೊಸ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಕಳೆದ ಸುಗ್ಗಿಯಲ್ಲಿ ಕೈಯಿಂದ ಮಾಡಿದ ಬಗೆಬಗೆಯ ಹಳೆಯ ಪಟ್ಟಿಗಳನ್ನು ಅದರಲ್ಲಿ ತುಂಬಿ, ಉತ್ತರ ಪೈಸೆಯವರೆಗೂ ತಾಳೆಯಾಗುತ್ತದೆಯೇ ಎಂದು ನೋಡುವುದು ಲೇಸು. ಇದಕ್ಕೆ ತಂತ್ರಜ್ಞಾನ ಬೇಕಿಲ್ಲ, ಅನುಭವಿ ಗುಮಾಸ್ತ ಸಾಕು.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯಡಿ ಗಣಕಯಂತ್ರದ ತಂತ್ರಾಂಶವು 'ಸಾಹಿತ್ಯ ಕೃತಿ'ಯ ವ್ಯಾಖ್ಯೆಗೆ ಒಳಪಡುತ್ತದೆ. ಕೃತಿಯ ಮೊದಲ ಸ್ವಾಮ್ಯ ಅದನ್ನು ರಚಿಸಿದವನದು. ವೇತನದ ನೌಕರ ತನ್ನ ಉದ್ಯೋಗದ ಭಾಗವಾಗಿ ಬರೆದುದಾದರೆ, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, ಸ್ವಾಮ್ಯ ಮಾಲೀಕನಿಗೆ ಸೇರುತ್ತದೆ. ಆದರೆ ಹೊರಗಿನ ವ್ಯಕ್ತಿಗೆ ಹಣ ಕೊಟ್ಟು ಬರೆಸಿದ ತಂತ್ರಾಂಶಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಪೂರ್ಣ ಹಣ ಪಾವತಿಸಿದ ಮಾತ್ರಕ್ಕೆ ವರ್ತಕ ಅದರ ಸ್ವಾಮಿಯಾಗುವುದಿಲ್ಲ. ಸ್ವಾಮ್ಯ ವರ್ಗಾವಣೆ ಲಿಖಿತವಾಗಿರಬೇಕು ಮತ್ತು ವರ್ಗಾಯಿಸುವವನ ಸಹಿ ಇರಬೇಕೆಂದು 19ನೇ ಕಲಂ ಹೇಳುತ್ತದೆ. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಗಳಿಗೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ.

ಇದರೊಡನೆ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ನಿರ್ಮಾಪಕ ಬೇರೆ ಕಂಪನಿಯ ಉದ್ಯೋಗಿಯಾಗಿದ್ದರೆ, ಬಿಡುವಿನ ವೇಳೆಯ ಕೆಲಸದ ಬಗ್ಗೆ ಆ ಕಂಪನಿಯ ನೇಮಕಾತಿ ಕರಾರಿನಲ್ಲಿ ನಿರ್ಬಂಧಗಳಿರಬಹುದು. ಅದನ್ನು ಮೊದಲೇ ಕೇಳಿ ತಿಳಿಯುವುದು ಇಬ್ಬರಿಗೂ ಹಿತ.

ಲೆಕ್ಕಪತ್ರದ ವಿಷಯದಲ್ಲಿ ನಿಯಮಗಳು ಇನ್ನೂ ಬಿಗಿಯಾಗಿವೆ. ಜಿ.ಎಸ್.ಟಿ. ನಿಯಮಗಳ 56ನೇ ನಿಯಮದಂತೆ, ವಿದ್ಯುನ್ಮಾನ ರೂಪದ ಲೆಕ್ಕಪತ್ರದಲ್ಲಿ ತಿದ್ದಿದ ಅಥವಾ ಅಳಿಸಿದ ಪ್ರತಿ ನಮೂದಿನ ದಾಖಲೆ ಇರಬೇಕು. ದಾಖಲೆಗಳು ನಾಶವಾದರೂ ಯುಕ್ತ ಕಾಲದಲ್ಲಿ ಮರಳಿ ಪಡೆಯುವಂತೆ ಪ್ರತಿ ಇಟ್ಟಿರಬೇಕೆಂದು 57ನೇ ನಿಯಮ ವಿಧಿಸುತ್ತದೆ. ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳ ಕಾಲ ಲೆಕ್ಕ ಪುಸ್ತಕಗಳನ್ನು ಕಾಪಾಡುವುದು ಕಡ್ಡಾಯ. ಬಿಡುವಿನ ವೇಳೆಯಲ್ಲಿ ಸಿದ್ಧವಾದ ತಂತ್ರಾಂಶದಲ್ಲಿ 'ಅಳಿಸು' ಎಂಬ ಗುಂಡಿ ಇದ್ದು, ಅದನ್ನೊತ್ತಿದಾಗ ನಮೂದು ಗುರುತಿಲ್ಲದೆ ಮಾಯವಾಗುವುದಾದರೆ, ಅದು ಅನುಕೂಲವಲ್ಲ, ನಿಯಮಭಂಗ.

ಪ್ರೈವೇಟ್ ಲಿಮಿಟೆಡ್ ಸೇರಿದಂತೆ ಕಂಪನಿಗಳಾಗಿ ನೋಂದಣಿಯಾದ ಉದ್ಯಮಗಳಿಗೆ ಇನ್ನೂ ಒಂದು ನಿಬಂಧನೆಯಿದೆ. 2023ರ ಏಪ್ರಿಲ್ 1ರಿಂದ ಅವು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ ಬದಲಾವಣೆಯೂ ದಿನಾಂಕ ಸಹಿತ ದಾಖಲಾಗಬೇಕು. ಆ ಸೌಲಭ್ಯವನ್ನು ಯಾರೂ ನಿಲ್ಲಿಸುವಂತಿರಬಾರದು. ಲೆಕ್ಕ ಪುಸ್ತಕಗಳ ಪ್ರತಿಯನ್ನು ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನ ಉಳಿಸಬೇಕು. ವಾರ್ಷಿಕ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ, ಸರ್ಕಾರಿ ಪೋರ್ಟಲ್‌ನೊಡನೆ ಹೊಂದಿಕೊಳ್ಳುವ ವ್ಯವಸ್ಥೆಯೂ ಅಗತ್ಯ. ಈ ನಿಯಮಗಳು ಬದಲಾದಾಗಲೆಲ್ಲ ತಂತ್ರಾಂಶವೂ ಬದಲಾಗಬೇಕು. ಒಬ್ಬ ವ್ಯಕ್ತಿಯಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಆದ್ದರಿಂದ ತೆರಿಗೆ ಮತ್ತು ಮುಖ್ಯ ಲೆಕ್ಕಪತ್ರವನ್ನು ಸ್ಥಾಪಿತ ತಂತ್ರಾಂಶದಲ್ಲಿಯೇ ಇಟ್ಟುಕೊಂಡು, ಪೇಟೆಯಲ್ಲಿ ಸಿದ್ಧವಾಗಿ ದೊರೆಯದ ಕೆಲಸಗಳಿಗೆ ಮಾತ್ರ ಸ್ಥಳೀಯ ತಂತ್ರಾಂಶ ಬಳಸುವುದು ವಿವೇಕದ ದಾರಿ. ಮೂಟೆಗಳ ಆವಕ, ಹೀಟ್ ದಾಖಲೆ, ವಿತರಣಾ ವಾಹನಗಳ ಸರದಿ, ಯಂತ್ರಗಳ ದುರಸ್ತಿ ಪುಸ್ತಕ ಇಂಥ ಕೆಲಸಗಳು.

ಗ್ರಾಹಕರ ಮತ್ತು ರೈತರ ಹೆಸರು, ದೂರವಾಣಿ, ಬ್ಯಾಂಕ್ ಖಾತೆಯ ವಿವರಗಳ ಹೊಣೆಯೂ ವರ್ತಕನದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಮಾಹಿತಿಯನ್ನು ತನ್ನ ಪರವಾಗಿ ಬೇರೊಬ್ಬರು ನಿರ್ವಹಿಸುತ್ತಿದ್ದರೂ ಅದನ್ನು ಸಂಗ್ರಹಿಸಿದ ವ್ಯವಹಾರಸ್ಥನೇ ಹೊಣೆಗಾರ ಎಂಬುದು ಕಾಯ್ದೆಯ ನಿಲುವು. ಸೂಕ್ತ ಭದ್ರತೆ ಒದಗಿಸದಿದ್ದಲ್ಲಿ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸಣ್ಣ ವ್ಯಾಪಾರಿಗೆ ಅಷ್ಟು ದಂಡ ಬೀಳಲಾರದಾದರೂ, 'ಹುಡುಗ ನೋಡಿಕೊಳ್ಳುತ್ತಿದ್ದ' ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ನಿರ್ಮಾಪಕ ಬಂಧುವಾಗಿರಲಿ, ಗೆಳೆಯನ ಮಗನಾಗಿರಲಿ, ಎರಡು ಪುಟಗಳ ಒಪ್ಪಂದ ಅಗತ್ಯ. ಅದರಲ್ಲಿ ಈ ಕೆಳಗಿನ ಅಂಶಗಳಿರುವಂತೆ ನೋಡಿಕೊಳ್ಳಬೇಕು.

1. ಜಾಲತಾಣದ ಹೆಸರು ಮತ್ತು ಸರ್ವರ್ ಖಾತೆ ವರ್ತಕನ ಹೆಸರಿನಲ್ಲಿಯೇ ಇರಬೇಕು. ನವೀಕರಣದ ಜ್ಞಾಪನೆ ಸಂಸ್ಥೆಯ ಇ-ಅಂಚೆಗೂ ಬರಬೇಕು. ನಿರ್ಮಾಪಕನಿಗೆ ಬಳಕೆಯ ಅನುಮತಿ ನೀಡಿದರೆ ಸಾಕು.

2. ತಂತ್ರಾಂಶದ ಸ್ವಾಮ್ಯ ಯಾರದು ಎಂಬುದನ್ನು ಅವಧಿ ಮತ್ತು ಪ್ರದೇಶ ಸಹಿತ ಬರೆಯಬೇಕು. ಸ್ವಾಮ್ಯ ನಿರ್ಮಾಪಕನಲ್ಲಿಯೇ ಉಳಿಯುವುದಾದರೆ, ಅದನ್ನು ಕಾಲಮಿತಿಯಿಲ್ಲದೆ ಬಳಸುವ ಮತ್ತು ಇನ್ನೊಬ್ಬರಿಂದ ತಿದ್ದಿಸುವ ಹಕ್ಕು ವರ್ತಕನಿಗಿರಬೇಕು.

3. ಮೂಲಸಂಕೇತದ ಇತ್ತೀಚಿನ ಪ್ರತಿ ಮತ್ತು ಅದನ್ನು ಹೊಸ ಸರ್ವರ್‌ನಲ್ಲಿ ಹೂಡುವ ಕ್ರಮದ ಲಿಖಿತ ವಿವರಣೆ ವರ್ತಕನ ಬಳಿ ಇರಬೇಕು. ಇನ್ನೊಬ್ಬ ತಂತ್ರಜ್ಞ ಅದನ್ನು ಓದಿ ನಡೆಸಬಲ್ಲನೇ ಎಂಬುದನ್ನು ಒಮ್ಮೆಯಾದರೂ ಪರೀಕ್ಷಿಸಬೇಕು.

4. ಎಲ್ಲ ನಮೂದುಗಳನ್ನೂ ಎಕ್ಸೆಲ್‌ನಂಥ ಸಾಮಾನ್ಯ ರೂಪದಲ್ಲಿ ಯಾವಾಗ ಬೇಕಾದರೂ ಇಳಿಸಿಕೊಳ್ಳುವ ಗುಂಡಿ ಇರಬೇಕು. ತಂತ್ರಾಂಶ ನಿಂತ ದಿನವೂ ವ್ಯಾಪಾರ ನಿಲ್ಲದಂತೆ ಕಾಯುವುದು ಈ ಒಂದು ಸೌಲಭ್ಯ.

5. ದತ್ತಸಂಚಯದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಎಂಬ ಕ್ರಮ ಪಾಲಿಸಬೇಕು. ಪ್ರತಿ ಇದೆ ಎಂಬ ಮಾತಿಗಿಂತ, ಪ್ರತಿಯಿಂದ ಲೆಕ್ಕವನ್ನು ಮರಳಿ ತಂದು ತೋರಿಸುವುದು ಮುಖ್ಯ. ಮೂರು ತಿಂಗಳಿಗೊಮ್ಮೆ ಹಾಗೆ ಮಾಡಿಸಬೇಕು.

6. ಪ್ರತಿ ನೌಕರನಿಗೂ ಪ್ರತ್ಯೇಕ ಗುಪ್ತಪದ ಇರಬೇಕು. ಗುಪ್ತಪದಗಳು ನಿರ್ಮಾಪಕನೂ ಓದಲಾಗದ ರೂಪದಲ್ಲಿ ಸಂಗ್ರಹವಾಗಿರಬೇಕು. 'ಮರೆತರೆ ನಾನೇ ಹೇಳುತ್ತೇನೆ' ಎನ್ನುವ ನಿರ್ಮಾಪಕನ ತಂತ್ರಾಂಶದಲ್ಲಿ ಭದ್ರತೆ ಇಲ್ಲವೆಂದೇ ತಿಳಿಯಬೇಕು.

7. ನಿರ್ಮಾಣದ ಹಣ ಬೇರೆ, ವಾರ್ಷಿಕ ನಿರ್ವಹಣೆಯ ಹಣ ಬೇರೆ ಎಂದು ನಮೂದಿಸಬೇಕು. ಬಿಟ್ಟುಹೋಗುವುದಾದರೆ ಎಷ್ಟು ತಿಂಗಳ ಮುನ್ಸೂಚನೆ ನೀಡಬೇಕು, ಹಸ್ತಾಂತರಕ್ಕೆ ಎಷ್ಟು ದಿನ ನೆರವಾಗಬೇಕು ಎಂಬುದೂ ಅದರಲ್ಲಿರಬೇಕು.

ನಿರ್ಮಾಪಕನ ಪಕ್ಷ

ಏಳನೆಯ ಅಂಶದ ಬಗ್ಗೆ ವರ್ತಕರು ಪ್ರಾಮಾಣಿಕವಾಗಿ ಯೋಚಿಸಬೇಕಾಗಿದೆ. ಅಂಗಡಿಯ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಲು, ಜನರೇಟರಿಗೆ ಎಣ್ಣೆ ಬದಲಿಸಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ತಂತ್ರಾಂಶವನ್ನು ಮಾತ್ರ ಒಮ್ಮೆ ಕೊಂಡರೆ ಮುಗಿಯಿತು ಎಂಬ ಭಾವನೆ ಇನ್ನೂ ಬಲವಾಗಿದೆ. ಒಮ್ಮೆ ಹಣ ಪಡೆದು, ನಂತರ ವರ್ಷಗಟ್ಟಲೆ ರಾತ್ರಿ ಹತ್ತು ಗಂಟೆಗೂ ಕರೆ ಸ್ವೀಕರಿಸುತ್ತ, 'ಸಣ್ಣ ಬದಲಾವಣೆ' ಎಂಬ ಹೆಸರಿನಲ್ಲಿ ಉಚಿತವಾಗಿ ದುಡಿಯುವ ಯುವಕ ಒಂದು ದಿನ ಕರೆ ಸ್ವೀಕರಿಸುವುದನ್ನೇ ನಿಲ್ಲಿಸಿದರೆ ಆಶ್ಚರ್ಯಪಡಬೇಕಾದುದೇನೂ ಇಲ್ಲ.

ಬಿಡುವಿನ ವೇಳೆಯ ಶ್ರಮಕ್ಕೂ ಬೆಲೆ ಕಟ್ಟಬೇಕೆಂಬ ಅರಿವು ದೊಡ್ಡ ಉದ್ಯಮಗಳಲ್ಲಿ ಮೂಡುತ್ತಿದೆ. ತಾನು ಬಳಸುವಂಥ ಮುಕ್ತ ತಂತ್ರಾಂಶಗಳ ನಿರ್ಮಾಪಕರಿಗೆ ನೆರವಾಗಲೆಂದು ಜೆರೋಧಾ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯೊಂದನ್ನು ಪ್ರಕಟಿಸಿತು. ಶಿವಮೊಗ್ಗದ ಮಂಡಿಗೆ ಅಷ್ಟು ದೊಡ್ಡ ಮಾತು ಬೇಕಿಲ್ಲ. ಒಂದೇ ಬಗೆಯ ವ್ಯವಹಾರ ನಡೆಸುವ ಹತ್ತು ಮಂದಿ ವರ್ತಕರು ಒಂದೇ ತಂತ್ರಾಂಶಕ್ಕೆ ಕೂಡಿ ವಾರ್ಷಿಕ ನಿರ್ವಹಣಾ ಶುಲ್ಕ ಕೊಟ್ಟರೆ, ತಲಾ ಹೊರೆ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ನಿರ್ಮಾಪಕ ಇನ್ನೊಬ್ಬ ಸಹಾಯಕನನ್ನು ಇಟ್ಟುಕೊಳ್ಳುವಷ್ಟು ಆದಾಯ ಕಾಣಬಹುದು. ಆ ಎರಡನೆಯ ವ್ಯಕ್ತಿ ಬಂದ ದಿನವೇ ಏಕವ್ಯಕ್ತಿ ತಂತ್ರಾಂಶದ ಮುಖ್ಯ ಅಪಾಯ ಅರ್ಧ ಕಳೆದಂತೆ. ಪ್ರತಿಸ್ಪರ್ಧಿಗಳ ಲೆಕ್ಕ ಒಂದೇ ಸರ್ವರ್‌ನಲ್ಲಿದ್ದರೆ ಗುಟ್ಟು ಉಳಿದೀತೇ ಎಂಬ ಸಂದೇಹ ಸಹಜ. ಒಂದೇ ತಂತ್ರಾಂಶವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರತ್ಯೇಕ ಸರ್ವರ್ ಖಾತೆಯಲ್ಲಿ ನಡೆಸುವುದರಿಂದ ಆ ಸಂದೇಹಕ್ಕೆ ಪರಿಹಾರವುಂಟು.

ವಿದ್ಯಾನಗರದ ಮಹಡಿಯ ಕೋಣೆಯಲ್ಲಿ ಕುಳಿತ ತಂತ್ರಜ್ಞನಿಗೆ ರಾಶಿ, ಬೆಟ್ಟೆಗಳ ಭೇದ ತಿಳಿದಿದೆ. ಮಾಚೇನಹಳ್ಳಿಯ ಕಾರ್ಖಾನೆಗೆ ಬೈಕಿನಲ್ಲಿ ಹೋಗಿ ಹೀಟ್ ಪುಸ್ತಕವನ್ನು ಕಣ್ಣಾರೆ ನೋಡಿಬರಬಲ್ಲ. ದೂರದ ದೊಡ್ಡ ಸಂಸ್ಥೆಯಿಂದ ದೊರೆಯದ ಅನುಕೂಲವಿದು. ಈ ಅನುಕೂಲವನ್ನು ಬಿಡಬೇಕಾಗಿಲ್ಲ. ತಂತ್ರಾಂಶ ಒಪ್ಪಿಸಿದ ದಿನ ನಿರ್ಮಾಪಕನನ್ನು ಒಂದೇ ಪ್ರಶ್ನೆ ಕೇಳಬೇಕು: 'ನಾಳೆಯಿಂದ ನೀವು ದೊರೆಯದಿದ್ದರೆ ನಮ್ಮ ಪಟ್ಟಿ ಹೇಗೆ ಆಗುತ್ತದೆ?' ಅದಕ್ಕೆ ಅವನು ಬಾಯಿಮಾತಿನ ಬದಲು ಒಂದು ಲಿಖಿತ ಕಡತವನ್ನೂ, ಲೆಕ್ಕದ ಪೂರ್ಣ ಪ್ರತಿಯನ್ನೂ ಕೈಗಿತ್ತರೆ ಆ ತಂತ್ರಾಂಶವನ್ನು ಧಾರಾಳವಾಗಿ ಬಳಸಬಹುದು, ಅದಕ್ಕೆ ಸಲ್ಲಬೇಕಾದ ಹಣವನ್ನೂ ಧಾರಾಳವಾಗಿಯೇ ಸಲ್ಲಿಸಬಹುದು.